ಮೂರು ಕೆಲಸ, ಒಂದೇ ಸಹಿ

ಮನೆಯಲ್ಲೇ ಕುಳಿತು ಕೈಕೆಲಸದಿಂದ ನಾಲ್ಕು ಕಾಸು ಸಂಪಾದಿಸುವವರು ನಮಗೆ ಹೊಸಬರಲ್ಲ. ಕಸೂತಿ ಹಾಕುವವರು, ಮದುವೆಯ ಕೊಬ್ಬರಿ ಗಿಟುಕಿಗೆ ಚಿತ್ತಾರ ಬರೆಯುವವರು, ದಸರಾ ಬೊಂಬೆಗೆ ಬಟ್ಟೆ ಹೊಲಿಯುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಇವರ ಬಗ್ಗೆ ಮಾತು ಬಂದಾಗ ನಾವು ಕೈಚಳಕವನ್ನು ಹೊಗಳುತ್ತೇವೆಯೇ ಹೊರತು ಲೆಕ್ಕ ಕೇಳುವುದಿಲ್ಲ. ಬಂಡವಾಳ ಎಲ್ಲಿಂದ ಬಂತು? ಗಿರಾಕಿ ನಂಬಿದ್ದು ಹೇಗೆ? ನಕಲು ಮಾಡಿದವರನ್ನು ತಡೆದದ್ದು ಹೇಗೆ? ಬಂದ ಹಣ ಕೊನೆಗೆ ಯಾರ ಕೈ ಸೇರಿತು? ಹಳೆಯ ಕಾಲದ ಗೃಹೋದ್ಯೋಗಗಳಲ್ಲಿ ಈ ಪ್ರಶ್ನೆಗಳಿಗೆಲ್ಲ ಉತ್ತರ ಸಿಗುವಂಥವು ಬಹಳ ಕಡಿಮೆ. ಅಂಥ ಕೆಲವೇ ಕೆಲವುಗಳಲ್ಲಿ ಒಂದು, ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಎಲಿಜಬೆತ್ ಬ್ಲ್ಯಾಕ್‌ವೆಲ್ ಎಂಬಾಕೆ ನಡೆಸಿದ ಚಿತ್ರದ ಉದ್ಯೋಗ.

ಈ ಹೆಸರು ಕೇಳಿದೊಡನೆ ಕೆಲವರಿಗೆ 1849ರಲ್ಲಿ ಅಮೆರಿಕದಲ್ಲಿ ವೈದ್ಯ ಪದವಿ ಪಡೆದ ಮೊದಲ ಮಹಿಳೆ ನೆನಪಾಗಬಹುದು. ಆಕೆ ಬೇರೆ, ಈಕೆ ಬೇರೆ. ನಮ್ಮ ಕಥೆಯ ಎಲಿಜಬೆತ್ ಅವಳಿಗಿಂತ ನೂರು ವರ್ಷ ಹಿಂದಿನವಳು. ಈಕೆ ಮಾಡಿದ್ದು ಒಂದು ಪುಸ್ತಕ. ಅದರ ಹೆಸರು ‘ಎ ಕ್ಯೂರಿಯಸ್ ಹರ್ಬಲ್’. ಅಂದಿನ ಇಂಗ್ಲಿಷಿನಲ್ಲಿ ‘ಕ್ಯೂರಿಯಸ್’ ಎಂದರೆ ವಿಚಿತ್ರ ಎಂದಲ್ಲ, ಶ್ರದ್ಧೆಯಿಂದ, ಸೂಕ್ಷ್ಮವಾಗಿ ಮಾಡಿದ್ದು ಎಂದರ್ಥ. ಔಷಧಕ್ಕೆ ಬಳಸುವ 500 ಗಿಡಗಳ ಚಿತ್ರ ಅದರಲ್ಲಿದೆ. ಚಿತ್ರಗಳ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಆಕೆಯ ಹೆಸರು, ಅದರ ಮುಂದೆ ಲ್ಯಾಟಿನ್ ಭಾಷೆಯ ಮೂರು ಕ್ರಿಯಾಪದಗಳ ಸಂಕ್ಷೇಪ. ಅವುಗಳ ಅರ್ಥ ಇಷ್ಟು: ಬರೆದಳು, ಕೊರೆದಳು, ಬಣ್ಣ ಹಾಕಿದಳು.

ಆ ಕಾಲದ ಅಚ್ಚಿನ ಚಿತ್ರಗಳನ್ನು ನೋಡಿದವರಿಗೆ ಇದರ ವಿಶೇಷ ತಿಳಿಯುತ್ತದೆ. ಸಾಮಾನ್ಯವಾಗಿ ಚಿತ್ರದ ಎಡಮೂಲೆಯಲ್ಲಿ ಬರೆದವನ ಹೆಸರು, ಬಲಮೂಲೆಯಲ್ಲಿ ತಾಮ್ರದ ತಗಡಿನ ಮೇಲೆ ಕೊರೆದವನ ಹೆಸರು ಇರುತ್ತಿತ್ತು. ಬಣ್ಣ ಹಾಕಿದವರಿಗೆ ಹೆಸರೇ ಇರುತ್ತಿರಲಿಲ್ಲ. ಮೂರು ಜನರ ಮೂರು ಕಸುಬುಗಳು ಇಲ್ಲಿ ಒಬ್ಬಳದೇ ಸಹಿಯ ಕೆಳಗೆ ಬಂದಿವೆ. ಇದು ಜಂಬದಿಂದ ಆದದ್ದಲ್ಲ. ಬೇರೆಯವರಿಗೆ ಕೂಲಿ ಕೊಡಲು ಆಕೆಯಲ್ಲಿ ಹಣವಿರಲಿಲ್ಲ.

ಗಂಡ ಜೈಲಿನಲ್ಲಿ

ಎಲಿಜಬೆತ್ ಸ್ಕಾಟ್ಲೆಂಡಿನ ಅಬರ್ಡೀನ್ ಪಟ್ಟಣದವಳೆಂದು ಹಳೆಯ ಪುಸ್ತಕಗಳು ಬರೆಯುತ್ತ ಬಂದವು. ಆಕೆ ಲಂಡನ್ನಿನವಳೇ, ಚಿತ್ರಕಾರನೊಬ್ಬನ ಮಗಳು ಎಂದು ಈಚಿನ ಸಂಶೋಧನೆ ಹೇಳುತ್ತದೆ. ಅಬರ್ಡೀನಿನವನು ಆಕೆಯ ಗಂಡ ಅಲೆಕ್ಸಾಂಡರ್. ಓದಿದ ಮನೆತನದವನು. ತಂದೆ ಅಲ್ಲಿನ ಮಾರಿಶಲ್ ಕಾಲೇಜಿನ ಪ್ರಾಂಶುಪಾಲ, ಅಣ್ಣ ಗ್ರೀಕ್ ಸಾಹಿತ್ಯದ ವಿದ್ವಾಂಸ. ಅಲೆಕ್ಸಾಂಡರನಿಗೆ ಹಲವು ಭಾಷೆಗಳು ಬರುತ್ತಿದ್ದವು. ಒಂದು ಕೆಲಸದಲ್ಲಿ ಕಡೆಯವರೆಗೆ ನಿಲ್ಲುವ ಗುಣ ಮಾತ್ರ ಇರಲಿಲ್ಲ.

ಲಂಡನ್ನಿಗೆ ಬಂದ ಆತ ಒಬ್ಬ ಮುದ್ರಕನಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ. ನಂತರ ತನ್ನದೇ ಅಚ್ಚುಕೂಟ ತೆರೆದ. ಏಳು ವರ್ಷ ಗುರುವಿನ ಕೈಕೆಳಗೆ ಕಲಿಯದೆ ಯಾರೂ ಕಸುಬು ನಡೆಸಕೂಡದೆಂಬುದು ಆಗ ಇಂಗ್ಲೆಂಡಿನಲ್ಲಿದ್ದ ನಿಯಮ. 1563ರಷ್ಟು ಹಿಂದೆಯೇ ಅದಕ್ಕೆ ಕಾನೂನಿನ ಬಲ ಬಂದಿತ್ತು. ಅಲೆಕ್ಸಾಂಡರ್ ಹಾಗೆ ಕಲಿತವನಲ್ಲ. ಉಳಿದ ಮುದ್ರಕರು ಅವನ ಮೇಲೆ ದಾವೆ ಹೂಡಿದರು. ದಂಡ ಬಿತ್ತು, ಸಾಲ ಏರಿತು, 1734ರ ಹೊತ್ತಿಗೆ ಆತ ದಿವಾಳಿಯಾಗಿ ಸಾಲಗಾರರ ಸೆರೆಮನೆ ಸೇರಿದ.

ಸಾಲಗಾರರ ಸೆರೆಮನೆ ಎಂಬುದು ಒಂದು ವಿಚಿತ್ರ ವ್ಯವಸ್ಥೆ. ಸಾಲ ಕೊಟ್ಟವನು ಒಪ್ಪುವವರೆಗೆ ಸಾಲ ಪಡೆದವನು ಒಳಗಿರಬೇಕು. ಒಳಗಿನ ಊಟ ವಸತಿಯ ಖರ್ಚನ್ನೂ ಅವನೇ ಕೊಡಬೇಕು. ದುಡಿಯಲು ಬಿಡದೆ ಸಾಲ ತೀರಿಸು ಎನ್ನುವ ಈ ಪದ್ಧತಿಯನ್ನು ಇಂಗ್ಲೆಂಡ್ 1869ರ ಕಾನೂನಿನಿಂದ ಬಹುಮಟ್ಟಿಗೆ ಕೈಬಿಟ್ಟಿತು. ಅದಕ್ಕೆ ಇನ್ನೂ ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲ ಬಾಕಿಯಿತ್ತು. ಗಂಡನನ್ನು ಬಿಡಿಸಬೇಕಾದರೆ ಹೆಂಡತಿ ಹಣ ತರಬೇಕು. ಆಕೆಗೆ ಗೊತ್ತಿದ್ದ ವಿದ್ಯೆ ಒಂದೇ, ಚಿತ್ರ ಬರೆಯುವುದು.

ಏನು ಬರೆದರೆ ಮಾರಾಟವಾದೀತು?

ಇಲ್ಲಿ ಎಲಿಜಬೆತಳ ಜಾಣತನ ಕಾಣುತ್ತದೆ. ಹೂವಿನ ಚಿತ್ರ ಬರೆದು ಶ್ರೀಮಂತರಿಗೆ ಮಾರಬಹುದಿತ್ತು. ಆಕೆ ಹಾಗೆ ಮಾಡದೆ, ಯಾರಿಗೆ ಚಿತ್ರ ನಿಜವಾಗಿಯೂ ಬೇಕಾಗಿದೆ ಎಂದು ವಿಚಾರಿಸಿದಳು.

ಆಗಿನ ಔಷಧವೆಂದರೆ ಮುಖ್ಯವಾಗಿ ಬೇರು, ತೊಗಟೆ, ಎಲೆ, ಬೀಜ. ನಮ್ಮ ಗ್ರಂಧಿಗೆ ಅಂಗಡಿಯವರಂತೆ ಲಂಡನ್ನಿನ ಔಷಧ ವ್ಯಾಪಾರಿಗಳೂ ಗಿಡವನ್ನು ಗುರುತು ಹಿಡಿಯಬೇಕು. ಗುರುತು ತಪ್ಪಿದರೆ ರೋಗಿಯ ಪ್ರಾಣಕ್ಕೆ ಸಂಚಕಾರ. ಅವರ ಕೈಯಲ್ಲಿದ್ದ ಸಚಿತ್ರ ಗ್ರಂಥಗಳೋ ಬಹಳ ಹಳೆಯವು. ಜಾನ್ ಜೆರಾರ್ಡನ ಪ್ರಸಿದ್ಧ ಗ್ರಂಥ 1597ರದು. ಅದರ ಮರದಚ್ಚಿನ ಚಿತ್ರಗಳಲ್ಲಿ ಹೆಚ್ಚಿನವು ಜರ್ಮನಿಯ ಪುಸ್ತಕವೊಂದರಿಂದ ಎರವಲು ತಂದವು. ಜಾನ್ ಪಾರ್ಕಿನ್‌ಸನ್ನನ ಗ್ರಂಥ 1640ರದು. ಆಮೇಲಿನ ನೂರು ವರ್ಷಗಳಲ್ಲಿ ಅಮೆರಿಕ ಮತ್ತು ಏಷ್ಯಾಗಳಿಂದ ಹೊಸ ಗಿಡಗಳು ಎಷ್ಟೋ ಬಂದಿದ್ದವು. 1722ರಲ್ಲಿ ಜೋಸೆಫ್ ಮಿಲ್ಲರ್ ಎಂಬಾತ ಔಷಧ ಸಸ್ಯಗಳ ಬಗ್ಗೆ ಹೊಸ ಪುಸ್ತಕ ಬರೆದಿದ್ದ. ಅದರಲ್ಲಿ ವಿವರಣೆ ಇತ್ತು, ಚಿತ್ರವಿರಲಿಲ್ಲ.

ಈ ಕೊರತೆಯನ್ನು ತುಂಬಲು ಎಲಿಜಬೆತ್ ಹೊರಟಳು. ಬರೆದ ಕೆಲವು ಮಾದರಿ ಚಿತ್ರಗಳನ್ನು ಹಿಡಿದು ಹೋಗಿ ಸರ್ ಹ್ಯಾನ್ಸ್ ಸ್ಲೋನ್ ಮತ್ತು ರಿಚರ್ಡ್ ಮೀಡ್ ಅವರಿಗೆ ತೋರಿಸಿದಳು. ಇಬ್ಬರೂ ಲಂಡನ್ನಿನ ಅತಿ ದೊಡ್ಡ ವೈದ್ಯರು. ಸ್ಲೋನ್ ಆಗ ರಾಯಲ್ ಸೊಸೈಟಿಯ ಅಧ್ಯಕ್ಷ ಕೂಡ. ಮುಂದೆ 1753ರಲ್ಲಿ ಬ್ರಿಟಿಷ್ ಮ್ಯೂಸಿಯಂ ಹುಟ್ಟಿದ್ದು ಅವನ ಸಂಗ್ರಹದಿಂದಲೇ. ಚಿತ್ರಗಳು ಅವರಿಗೆ ಒಪ್ಪಿಗೆಯಾದವು.

ತೋಟದ ಎದುರಿನ ಮನೆ

ಕಲಾವಿದನಿಗೆ ಕಚ್ಚಾ ಸಾಮಗ್ರಿ ಬೇಕು. ಗಿಡದ ಚಿತ್ರ ಬರೆಯುವವರಿಗೆ ಕಚ್ಚಾ ಸಾಮಗ್ರಿಯೆಂದರೆ ಹೂ, ಎಲೆ, ಕಾಯಿ ಇರುವ ಜೀವಂತ ಗಿಡ. ಅದೂ ಬಾಡುವ ಮೊದಲೇ ಸಿಗಬೇಕು. 500 ಗಿಡಗಳನ್ನು ಕೊಂಡು ತರಿಸುವುದು ಆಕೆಯಿಂದಾಗದ ಮಾತು. ಆದರೆ ಥೇಮ್ಸ್ ನದಿಯ ದಂಡೆಯ ಚೆಲ್ಸಿಯಲ್ಲಿ ಔಷಧಿಗಾರರ ಸಂಘ 1673ರಲ್ಲಿ ನೆಟ್ಟ ಸಸ್ಯೋದ್ಯಾನವೊಂದಿತ್ತು. ಅದರ ನೆಲ ಸ್ಲೋನನದು. 1722ರಲ್ಲಿ ಆತ ವರ್ಷಕ್ಕೆ ಕೇವಲ 5 ಪೌಂಡ್ ಬಾಡಿಗೆಗೆ ಅದನ್ನು ಸಂಘಕ್ಕೆ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದ. ಪ್ರತಿವರ್ಷ ತೋಟದಲ್ಲಿ ಬೆಳೆದ 50 ಗಿಡಗಳ ಒಣಗಿಸಿದ ಮಾದರಿಗಳನ್ನು, ಒಟ್ಟು 2,000 ತುಂಬುವವರೆಗೆ, ರಾಯಲ್ ಸೊಸೈಟಿಗೆ ಕೊಡಬೇಕೆಂಬುದು ಅವನ ಷರತ್ತು. ಹೊಸ ಹೊಸ ಗಿಡಗಳನ್ನು ಬೆಳೆಸದೆ ಸಂಘಕ್ಕೆ ಬೇರೆ ದಾರಿಯೇ ಇರಲಿಲ್ಲ. ಫಿಲಿಪ್ ಮಿಲ್ಲರ್ ಎಂಬ ತೋಟಗಾರನ ಕೈಯಲ್ಲಿ ಅದು ಯುರೋಪಿನ ಅತ್ಯುತ್ತಮ ತೋಟಗಳಲ್ಲಿ ಒಂದಾಗಿತ್ತು. ತನ್ನ ವರ್ಗೀಕರಣದ ಪುಸ್ತಕವನ್ನು ಆಗಷ್ಟೇ ಪ್ರಕಟಿಸಿದ್ದ ಲಿನೇಯಸ್ 1736ರಲ್ಲಿ ಇಂಗ್ಲೆಂಡಿಗೆ ಬಂದಾಗ ನೋಡಲು ಹೋದದ್ದು ಇದೇ ತೋಟವನ್ನು.

ತೋಟದ ಮೇಲ್ವಿಚಾರಕ ಐಸಾಕ್ ರಾಂಡ್ ಎಲಿಜಬೆತಳಿಗೆ ನೆರವಾದ. ಆಕೆ ತೋಟದ ಪಕ್ಕದ ಸ್ವಾನ್ ವಾಕ್ ಎಂಬ ಬೀದಿಯಲ್ಲೇ ಮನೆ ಹಿಡಿದಳು. ಬೆಳಿಗ್ಗೆ ಕಿತ್ತ ಗಿಡ ಸ್ವಲ್ಪ ಹೊತ್ತಿನಲ್ಲಿ ಆಕೆಯ ಮೇಜಿನ ಮೇಲೆ ಇರಬಹುದು. ದಾಸ್ತಾನಿನ ಖರ್ಚಿಲ್ಲ, ಸಾಗಾಣಿಕೆಯ ಖರ್ಚಿಲ್ಲ. ಇಂದಿನ ಸಣ್ಣ ಉದ್ಯಮಿಗಳಿಗೆ ಕಲಿಸುವ ಮೊದಲ ಪಾಠವನ್ನು ಆಕೆ ಬಾಡಿಗೆ ಮನೆ ಹುಡುಕುವಾಗಲೇ ಪಾಲಿಸಿದ್ದಳು.

ಪುಸ್ತಕ ಮೊದಲಾಗುವುದು ಡ್ಯಾಂಡೆಲಯನ್ ಎಂಬ ಹಳದಿ ಹೂವಿನ ಗಿಡದಿಂದ. ಅದು ಇಂಗ್ಲೆಂಡಿನ ಹಿತ್ತಿಲುಗಳಲ್ಲೆಲ್ಲ ತಾನಾಗಿ ಬೆಳೆಯುವ ಕಳೆ. ಮುಂದೆ ಕಾಫಿ, ಚಹಾ, ಕೋಕೋಗಳೂ ಬರುತ್ತವೆ. ನಾವು ದಿನವೂ ಸಾರಿಗೆ ಹಾಕುವ ಟೊಮೆಟೊ ಅಲ್ಲಿ ‘ಪ್ರೇಮದ ಸೇಬು’ ಎಂಬ ಹೆಸರಿನಲ್ಲಿದೆ. ಗಿಡಗಳನ್ನು ಅಕಾರಾದಿಯಾಗಿಯೂ ಜೋಡಿಸಿಲ್ಲ, ಜಾತಿಯ ಪ್ರಕಾರವೂ ಜೋಡಿಸಿಲ್ಲ. ವಿದ್ವಾಂಸರಿಗೆ ಇದು ಕೊರತೆಯಾಗಿ ಕಾಣುತ್ತದೆ. ಆದರೆ ವಾರ ವಾರವೂ ಚಿತ್ರ ಕೊಡಬೇಕಾದವಳು ಆ ವಾರ ಯಾವುದು ಹೂಬಿಟ್ಟಿದೆಯೋ ಅದನ್ನಲ್ಲವೇ ಬರೆಯಬೇಕು?

ತಾಮ್ರ, ಉಳಿ, ಕುಂಚ

ಮೂರು ಕೆಲಸ ಎಂದೆವಲ್ಲ, ಅವು ಏನೆಂದು ಸ್ವಲ್ಪ ವಿವರವಾಗಿ ನೋಡಬೇಕು.

ಮೊದಲನೆಯದು ಗಿಡವನ್ನು ಕಾಗದದ ಮೇಲೆ ಬರೆಯುವುದು. ಎಲಿಜಬೆತ್ ಬರಿಯ ಹೂವನ್ನು ಬರೆದು ಬಿಡುತ್ತಿರಲಿಲ್ಲ. ಗಿಡದ ಪಕ್ಕದಲ್ಲಿ ಹೂ, ಕಾಯಿ, ಬೀಜಗಳನ್ನು ಬಿಡಿಯಾಗಿ ಬರೆದು ಅಂಕಿ ಹಾಕುತ್ತಿದ್ದಳು. ಗುರುತು ಹಿಡಿಯಬೇಕಾದವನಿಗೆ ಬೇಕಾದದ್ದು ಅದೇ.

ಎರಡನೆಯದು ಕಷ್ಟದ ಕೆಲಸ. ಬರೆದ ಚಿತ್ರವನ್ನು ತಾಮ್ರದ ತಗಡಿನ ಮೇಲೆ ಗೆರೆಗೆರೆಯಾಗಿ ಕೊರೆಯಬೇಕು. ತಗಡಿಗೆ ಮಸಿ ಬಳಿದು ಮೇಲ್ಮೈಯನ್ನು ಒರೆಸಿದರೆ ಕೊರೆದ ಗೆರೆಗಳಲ್ಲಿ ಮಾತ್ರ ಮಸಿ ಉಳಿಯುತ್ತದೆ. ಅದರ ಮೇಲೆ ಒದ್ದೆ ಮಾಡಿದ ಕಾಗದವಿಟ್ಟು ಉರುಳೆಗಳ ನಡುವೆ ಹಾಯಿಸಿದರೆ ಗೆರೆಯ ಮಸಿ ಕಾಗದಕ್ಕೆ ಇಳಿಯುತ್ತದೆ. ಅಚ್ಚಿನಲ್ಲಿ ಎಡಬಲ ಅದಲು ಬದಲಾಗುವುದರಿಂದ ತಗಡಿನ ಮೇಲೆ ಎಲ್ಲವೂ ಕನ್ನಡಿಯ ಬಿಂಬದಂತೆ ತಿರುವಾಗಿರಬೇಕು. ಚಿತ್ರವಾದರೆ ಹೇಗೋ ಆದೀತು. ಆದರೆ ಈ ಪುಸ್ತಕದ ವಿವರಣೆಯ ಪುಟಗಳನ್ನೂ ಮೊಳೆ ಜೋಡಿಸಿ ಅಚ್ಚು ಹಾಕಿಲ್ಲ, ತಾಮ್ರದ ಮೇಲೆಯೇ ಕೊರೆಯಲಾಗಿದೆ. ಸಾಲು ಸಾಲು ಬರಹವೆಲ್ಲ ಹಿಮ್ಮುಖ. ಒಂದು ಅಕ್ಷರ ತಪ್ಪಿದರೆ ತಾಮ್ರವನ್ನು ತಟ್ಟಿ ಸಮಮಾಡಿ ಮತ್ತೆ ಕೊರೆಯಬೇಕು.

ಮೂರನೆಯದು ಬಣ್ಣ. ಆಗ ಬಣ್ಣದ ಅಚ್ಚು ಅಪರೂಪ. ಕಪ್ಪು ಗೆರೆಯ ಅಚ್ಚಿನ ಮೇಲೆ ಕುಂಚದಿಂದ, ಪ್ರತಿಯೊಂದು ಪ್ರತಿಗೂ ಬೇರೆ ಬೇರೆಯಾಗಿ, ನೀರಿನ ಬಣ್ಣ ತುಂಬಬೇಕು. ಒಂದು ತಗಡನ್ನು ಒಮ್ಮೆ ಕೊರೆದರೆ ನೂರಾರು ಪ್ರತಿ ತೆಗೆಯಬಹುದು. ಬಣ್ಣಕ್ಕೆ ಆ ಸೌಲಭ್ಯವಿಲ್ಲ.

ವಿವರಣೆಯ ಮಾತುಗಳನ್ನು ಬಹುಮಟ್ಟಿಗೆ ಜೋಸೆಫ್ ಮಿಲ್ಲರನ ಪುಸ್ತಕದಿಂದ, ಅವನ ಒಪ್ಪಿಗೆ ಪಡೆದು, ಸಂಗ್ರಹಿಸಲಾಗಿತ್ತು. ಗಿಡಗಳಿಗೆ ಬೇರೆ ಬೇರೆ ಭಾಷೆಗಳಲ್ಲಿರುವ ಹೆಸರುಗಳನ್ನು ಸೆರೆಮನೆಯಲ್ಲಿದ್ದ ಗಂಡ ಒದಗಿಸಿದನೆಂದು ಹೇಳುತ್ತಾರೆ. ಆತನ ಭಾಷಾಜ್ಞಾನ ಉಪಯೋಗಕ್ಕೆ ಬಂದದ್ದು ಅಲ್ಲಿ.

ವಾರಕ್ಕೆ ನಾಲ್ಕು

ಈಗ ಹಣದ ವಿಷಯ. ಇಷ್ಟು ದೊಡ್ಡ ಪುಸ್ತಕವನ್ನು ಪೂರ್ತಿ ಮುಗಿಸಿ ಮಾರಾಟಕ್ಕಿಡುವವರೆಗೆ ಕಾಯಲು ಬಂಡವಾಳಗಾರನಿಗೆ ಮಾತ್ರ ಸಾಧ್ಯ. ಎಲಿಜಬೆತ್ ಪುಸ್ತಕವನ್ನು ಕಂತುಗಳಾಗಿ ಒಡೆದಳು. ವಾರಕ್ಕೊಂದು ಕಂತು. ಪ್ರತಿ ಕಂತಿನಲ್ಲೂ ನಾಲ್ಕು ಚಿತ್ರ ಮತ್ತು ಒಂದು ಪುಟ ವಿವರಣೆ. ಬಣ್ಣವಿಲ್ಲದ ಪ್ರತಿಗೆ ಒಂದು ಬೆಲೆ, ಬಣ್ಣ ಹಾಕಿದ್ದಕ್ಕೆ ಹೆಚ್ಚಿನ ಬೆಲೆ. ಹೀಗೆ 125 ವಾರ.

ಈ ಏರ್ಪಾಡಿನಿಂದ ಎರಡು ಲಾಭ. ಐನೂರು ಚಿತ್ರಗಳ ಪುಸ್ತಕವನ್ನು ಒಮ್ಮೆಗೇ ಕೊಳ್ಳಲಾರದ ಬಡ ಔಷಧಿಗಾರ ವಾರಕ್ಕಿಷ್ಟು ಎಂದು ಕೊಟ್ಟು ಕೊಳ್ಳಬಹುದು. ಬರೆದವಳಿಗೆ ಮೊದಲ ಕಂತಿನ ಹಣ ಎರಡನೆಯ ಕಂತಿನ ತಾಮ್ರಕ್ಕೆ ಒದಗುತ್ತದೆ. ಚೀಟಿ ಹಾಕಿ ಬಂಗಾರ ಮಾಡಿಸಿಕೊಳ್ಳುವ ನಮ್ಮ ಮನೆಗಳ ಹೆಂಗಸರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಲಾಭದ ಜೊತೆಗೆ ಒಂದು ಕಟ್ಟುಪಾಡೂ ಬಂತು. ವಾರಕ್ಕೆ ನಾಲ್ಕೆಂದರೆ, ಭಾನುವಾರ ಬಿಟ್ಟರೆ, ಒಂದು ಚಿತ್ರಕ್ಕೆ ಒಂದೂವರೆ ದಿನ. ಅಷ್ಟರಲ್ಲಿ ಗಿಡ ತಂದು, ನೋಡಿ, ಬರೆದು, ತಾಮ್ರಕ್ಕೆ ಇಳಿಸಿ ಕೊರೆಯಬೇಕು. ಜೊತೆಗೆ ವಿವರಣೆಯ ಪುಟ, ಹಿಂದಿನ ಕಂತುಗಳ ಬಣ್ಣದ ಕೆಲಸ. ಜ್ವರ ಬಂದರೂ ಕಂತು ನಿಲ್ಲುವಂತಿಲ್ಲ. ನಿಂತರೆ ಚಂದಾದಾರ ಹೋದ, ಚಂದಾದಾರ ಹೋದರೆ ಗಂಡನ ಬಿಡುಗಡೆಯೂ ಹೋಯಿತು. ಸುಮಾರು ಎರಡೂವರೆ ವರ್ಷದ ಈ ಓಟ 1737ರಿಂದ 1739ರವರೆಗೆ ನಡೆಯಿತು. ಕಂತುಗಳೆಲ್ಲ ಸೇರಿ ಎರಡು ದೊಡ್ಡ ಸಂಪುಟಗಳಾದವು.

ವೈದ್ಯರ ಸಾಕ್ಷಿಪತ್ರ

ಆದರೆ ಅಪರಿಚಿತ ಹೆಂಗಸೊಬ್ಬಳು ಬರೆದ ಔಷಧಗ್ರಂಥವನ್ನು ನಂಬುವುದು ಹೇಗೆ? ಆಕೆ ವೈದ್ಯಳಲ್ಲ, ಸಸ್ಯಶಾಸ್ತ್ರ ಓದಿದವಳೂ ಅಲ್ಲ. ಇದಕ್ಕೂ ಆಕೆ ಉತ್ತರ ಸಿದ್ಧಮಾಡಿಕೊಂಡಿದ್ದಳು. 1737ರ ಜುಲೈ 1ರಂದು ಲಂಡನ್ನಿನ ವೈದ್ಯರ ರಾಯಲ್ ಕಾಲೇಜು ಈ ಗ್ರಂಥ ಉಪಯುಕ್ತವಾದುದೆಂದು ಸಾಕ್ಷಿಪತ್ರ ಕೊಟ್ಟಿತು. ಅದು ಪುಸ್ತಕದ ಮೊದಲಲ್ಲೇ ಅಚ್ಚಾಯಿತು.

ಇಲ್ಲಿ ನಮ್ಮ ಕರಾವಳಿಯವರಿಗೆ ಇನ್ನೊಂದು ಪುಸ್ತಕ ನೆನಪಾಗದೆ ಇರದು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಹೊರಬಂದ ‘ಹೋರ್ಟಸ್ ಮಲಬಾರಿಕಸ್’ ಪಶ್ಚಿಮ ಕರಾವಳಿಯ ಔಷಧ ಸಸ್ಯಗಳನ್ನು ಕುರಿತದ್ದು. ಅದರಲ್ಲಿ 700ಕ್ಕೂ ಹೆಚ್ಚು ಚಿತ್ರಗಳಿವೆ. ಆ ಗ್ರಂಥಕ್ಕೂ ಸಾಕ್ಷಿಪತ್ರಗಳು ಬೇಕಾದವು. ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ಬರೆದುಕೊಟ್ಟ ಮಾತುಗಳು ಮೊದಲ ಸಂಪುಟದಲ್ಲಿವೆ. ಕೊಂಕಣಿಯವರ ಪತ್ರ ನಾಗರಿ ಲಿಪಿಯಲ್ಲಿದೆ. ಗಿಡ ಬಲ್ಲವರ ಮಾತಿಲ್ಲದೆ ಗಿಡದ ಪುಸ್ತಕ ನಿಲ್ಲುವುದಿಲ್ಲ ಎಂಬುದು ಕೊಚ್ಚಿಯಲ್ಲೂ ಲಂಡನ್ನಿನಲ್ಲೂ ಒಂದೇ.

ವ್ಯತ್ಯಾಸ ಇರುವುದು ಬಲದಲ್ಲಿ. ‘ಹೋರ್ಟಸ್ ಮಲಬಾರಿಕಸ್’ನ ಹಿಂದೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ಮಲಬಾರಿನ ಅಧಿಕಾರಿ ವಾನ್ ರೀಡ್ ಇದ್ದ. ಗಿಡ ಹುಡುಕಿ ತರುವವರು, ಚಿತ್ರ ಬರೆಯುವವರು, ಭಾಷಾಂತರಿಸುವವರು, ಕೊರೆಯುವವರು ಎಂದು ಅನೇಕರು ದುಡಿದರು. ಸ್ವಾನ್ ವಾಕಿನ ಮನೆಯಲ್ಲಿ ಇದ್ದದ್ದು ಒಂದು ಮೇಜು, ಒಂದು ಉಳಿ, ಒಂದು ಕುಂಚ. ಹಾಗೆಂದು ಎಲಿಜಬೆತ್ ಯಾರ ಹಂಗೂ ಇಲ್ಲದೆ ಗೆದ್ದಳೆನ್ನುವುದು ತಪ್ಪಾದೀತು. ತೋಟ ಔಷಧಿಗಾರರದು, ಮಾತು ಮಿಲ್ಲರನದು, ಮರ್ಯಾದೆ ವೈದ್ಯರದು. ಒಂಟಿಯಾಗಿ ದುಡಿಯುವುದೆಂದರೆ ಒಂಟಿಯಾಗಿ ಉಳಿಯುವುದು ಎಂದಲ್ಲ. ಯಾರಿಂದ ಏನು ಪಡೆಯಬೇಕು, ಯಾವುದನ್ನು ತನ್ನ ಕೈಯಲ್ಲೇ ಇಟ್ಟುಕೊಳ್ಳಬೇಕು ಎಂಬುದನ್ನು ಆಕೆ ಅರಿತಿದ್ದಳು.

ಗಿಡ ಎಲ್ಲರದು, ಚಿತ್ರ ಯಾರದು?

ಪುಸ್ತಕ ಮಾರಾಟವಾಗತೊಡಗಿದ ಮೇಲೆ ನಕಲು ಮಾಡುವವರೂ ಬಂದರು. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. 1740ರ ‘ಬ್ಲ್ಯಾಕ್‌ವೆಲ್ ವಿರುದ್ಧ ಹಾರ್ಪರ್’ ಎಂಬ ಈ ದಾವೆ ಕೃತಿಸ್ವಾಮ್ಯದ ಚರಿತ್ರೆಯಲ್ಲಿ ಈಗಲೂ ಉಲ್ಲೇಖವಾಗುತ್ತದೆ.

ಅಚ್ಚಿನ ಚಿತ್ರಗಳಿಗೆ ರಕ್ಷಣೆ ಕೊಡುವ ಕಾನೂನು ಆಗ ಹೊಸದು. ತನ್ನ ಚಿತ್ರಗಳ ಕಳ್ಳ ನಕಲುಗಳಿಂದ ಬೇಸತ್ತ ವಿಲಿಯಂ ಹೋಗಾರ್ಥ್ ಎಂಬ ಪ್ರಸಿದ್ಧ ಚಿತ್ರಕಾರ ಮತ್ತು ಅವನ ಸಂಗಡಿಗರು ಪಾರ್ಲಿಮೆಂಟಿಗೆ ಮನವಿ ಕೊಟ್ಟದ್ದರಿಂದ 1735ರಲ್ಲಿ ಅದು ಜಾರಿಗೆ ಬಂದಿತ್ತು. ಚಿತ್ರವನ್ನು ಕಲ್ಪಿಸಿ ಕೊರೆದವನಿಗೆ 14 ವರ್ಷ ಹಕ್ಕು. ಹಕ್ಕುದಾರನ ಹೆಸರನ್ನೂ ಪ್ರಕಟವಾದ ದಿನವನ್ನೂ ತಗಡಿನ ಮೇಲೆ ಕೊರೆದಿರಬೇಕು.

ಎದುರಾಳಿಗಳ ವಾದ ಎರಡು. ತಗಡಿನ ಮೇಲೆ ದಿನಾಂಕವಿಲ್ಲ, ಆದ್ದರಿಂದ ಹಕ್ಕಿಲ್ಲ ಎಂಬುದು ಒಂದು. ಗಿಡ ಯಾರ ಕಲ್ಪನೆಯೂ ಅಲ್ಲ, ಅದು ಪ್ರಕೃತಿಯಲ್ಲೇ ಇದೆ, ಇದ್ದದ್ದನ್ನು ನೋಡಿ ಬರೆದವರಿಗೆ ಹಕ್ಕು ಎಲ್ಲಿಯದು ಎಂಬುದು ಇನ್ನೊಂದು. ಲಾರ್ಡ್ ಚಾನ್ಸಲರ್ ಹಾರ್ಡ್‌ವಿಕ್ ಎರಡನ್ನೂ ಒಪ್ಪಲಿಲ್ಲ. ದಿನಾಂಕದ ಮಾತು ಬರಿಯ ಸೂಚನೆ, ಅದು ಬಿಟ್ಟುಹೋದ ಮಾತ್ರಕ್ಕೆ ಸ್ವತ್ತು ಹೋಗದು ಎಂದ. ಪ್ರಕೃತಿಯಲ್ಲಿ ಇರುವುದನ್ನೇ ನೋಡಿ ಚಿತ್ರಿಸಿ ಕೊರೆದರೂ ಅದಕ್ಕೆ ಕಾನೂನಿನ ರಕ್ಷಣೆ ಉಂಟು ಎಂದ. ನಕಲಿನ ವಿರುದ್ಧ ತಡೆಯಾಜ್ಞೆ ಸಿಕ್ಕಿತು.

ದಿನಾಂಕದ ಬಗ್ಗೆ ಹಾರ್ಡ್‌ವಿಕ್ ಹೇಳಿದ್ದನ್ನು ಮುಂದಿನ ನ್ಯಾಯಾಧೀಶರು ಒಪ್ಪಲಿಲ್ಲ. ಎರಡನೆಯ ಮಾತು ಮಾತ್ರ ಬೆಲೆಯುಳ್ಳದ್ದಾಗಿ ಉಳಿಯಿತು. ಗಿಡ ಎಲ್ಲರದೂ ಹೌದು. ಅದನ್ನು ಒಂದೂವರೆ ದಿನ ಎದುರಿಗಿಟ್ಟುಕೊಂಡು ಕಣ್ಣು ನೋಯಿಸಿಕೊಂಡು ಬರೆದ ಗೆರೆ ಬರೆದವರದು. ಒಪ್ಪತ್ತಿನ ಊಟಕ್ಕಾಗಿ ಚಿತ್ರ ಬರೆಯುವ ಕಲಾವಿದರಿಗೆ ಇದಕ್ಕಿಂತ ದೊಡ್ಡ ನ್ಯಾಯ ಬೇರೆಯಿಲ್ಲ.

ದುಡಿದದ್ದು ಆಕೆ, ಹಣ ಯಾರದು?

ಹಾಗಾದರೆ ಆ ಗೆರೆ ನಿಜವಾಗಿಯೂ ಎಲಿಜಬೆತಳದಾಗಿತ್ತೆ? ಇಲ್ಲಿ ಕಥೆ ತಿರುಗುತ್ತದೆ.

ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಂಗಸಿಗೆ ಗಂಡನಿಂದ ಪ್ರತ್ಯೇಕವಾದ ಅಸ್ತಿತ್ವವಿರಲಿಲ್ಲ. ಆಕೆ ಗಳಿಸಿದ ಹಣ ಗಂಡನದು. ಸಾಮಾನ್ಯವಾಗಿ ಆಕೆ ತನ್ನೊಬ್ಬಳ ಹೆಸರಿನಲ್ಲಿ ಕರಾರು ಮಾಡಿಕೊಳ್ಳುವಂತಿಲ್ಲ, ದಾವೆ ಹೂಡುವಂತಿಲ್ಲ. ಹೆಂಡತಿಯ ಗಳಿಕೆ ಹೆಂಡತಿಯದೇ ಎಂದು ಇಂಗ್ಲೆಂಡ್ ಒಪ್ಪಿದ್ದು 1870ರಲ್ಲಿ. ಆಸ್ತಿಯ ಪೂರ್ಣ ಹಕ್ಕು ಕೊಟ್ಟದ್ದು 1882ರಲ್ಲಿ. ಎಂದರೆ, ಚಿತ್ರದ ಕೆಳಗಿನ ಮೂರು ಕ್ರಿಯಾಪದಗಳಿಗೂ ಎಲಿಜಬೆತಳೇ ಕರ್ತೃ. ‘ಗಳಿಸಿದಳು’ ಎಂಬ ನಾಲ್ಕನೆಯ ಕ್ರಿಯಾಪದಕ್ಕೆ ಮಾತ್ರ ಕಾನೂನಿನ ಪ್ರಕಾರ ಆಕೆ ಕರ್ತೃವಲ್ಲ. ಯಾರ ಸಾಲ ತೀರಿಸಲು ಆಕೆ ದುಡಿದಳೋ ಅವನೇ ಆ ದುಡಿಮೆಗೆ ಒಡೆಯ.

ಇದನ್ನು ಓದಿ ಇಂಗ್ಲಿಷರನ್ನು ಮಾತ್ರ ಹಳಿಯುವಂತಿಲ್ಲ. ಸ್ತ್ರೀಧನವೆಂಬ ಉದಾರ ಕಲ್ಪನೆಯಿದ್ದ ನಮ್ಮ ಧರ್ಮಶಾಸ್ತ್ರದಲ್ಲೂ ಕಾತ್ಯಾಯನ ಒಂದು ಕೊಕ್ಕೆ ಹಾಕಿದ್ದ. ಹೆಂಗಸು ಶಿಲ್ಪದಿಂದ, ಅಂದರೆ ಕೈಕಸುಬಿನಿಂದ ಗಳಿಸಿದ್ದು ಸ್ತ್ರೀಧನಕ್ಕೆ ಸೇರದು, ಅದರ ಮೇಲೆ ಗಂಡನಿಗೆ ಸ್ವಾಮ್ಯ ಎಂಬುದು ಅವನ ಮತ. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ತನ್ನ ‘ಮಿತಾಕ್ಷರ’ದಲ್ಲಿ ಸ್ತ್ರೀಧನದ ಅರ್ಥವನ್ನು ಬಹಳ ಹಿಗ್ಗಿಸಿದ್ದು ನಿಜ. ಆದರೂ ಹಿಂದೂ ಹೆಂಗಸು ತನ್ನ ಕೌಶಲ ಮತ್ತು ಶ್ರಮದಿಂದ ಗಳಿಸಿದ್ದಕ್ಕೆ ತಾನೇ ಪೂರ್ಣ ಒಡತಿ ಎಂದು ಸ್ಪಷ್ಟ ಮಾತಿನಲ್ಲಿ ಹೇಳಲು 1956ರ ಉತ್ತರಾಧಿಕಾರ ಕಾನೂನು ಬರಬೇಕಾಯಿತು. ಮನೆಯಲ್ಲಿ ಕುಳಿತು ಮಾಡುವ ಕೆಲಸವನ್ನು ಮನೆಯ ಯಜಮಾನನ ಲೆಕ್ಕಕ್ಕೆ ಬರೆದುಕೊಳ್ಳುವ ರೂಢಿ ಎರಡು ಕಡೆಯೂ ಇತ್ತು.

ಬಿಡುಗಡೆಯ ನಂತರ

ಪುಸ್ತಕದಿಂದ ಬಂದ ಹಣದಿಂದ ಅಲೆಕ್ಸಾಂಡರ್ ಹೊರಗೆ ಬಂದ. ಆದರೆ ಅವನ ಸ್ವಭಾವ ಬದಲಾಗಲಿಲ್ಲ. ಈ ಸಲ ಬೇಸಾಯ ಸುಧಾರಣೆಯ ಹುಚ್ಚು. 1741ರಲ್ಲಿ ಜವುಗು ಮಣ್ಣನ್ನು ಸುಧಾರಿಸುವ ವಿಧಾನದ ಬಗ್ಗೆ ಪುಸ್ತಕ ಬರೆದ. ಮತ್ತೆ ಹಣದ ಮುಗ್ಗಟ್ಟು. ಎಲಿಜಬೆತ್ ಪುಸ್ತಕದ ಹಕ್ಕಿನ ಪಾಲನ್ನು ಜಾನ್ ನೌರ್ಸ್ ಎಂಬ ಪುಸ್ತಕ ವ್ಯಾಪಾರಿಗೆ ಬಿಟ್ಟುಕೊಡಬೇಕಾಯಿತು. 1742ರಲ್ಲಿ ಅಲೆಕ್ಸಾಂಡರ್ ಸ್ವೀಡನ್ನಿಗೆ ಹೋದ. ಅಲ್ಲಿ ಮಾದರಿ ತೋಟ ನಡೆಸಿ, ದೊರೆಗೆ ವೈದ್ಯನೂ ಆದ. ಕೊನೆಗೆ ಸಿಂಹಾಸನದ ಉತ್ತರಾಧಿಕಾರ ಕುರಿತ ಪಿತೂರಿಯ ಆರೋಪ ಹೊತ್ತ. 1747ರಲ್ಲಿ ಅವನ ತಲೆ ಕಡಿದರು. ವಧಾಸ್ಥಾನದಲ್ಲಿ ತಲೆಯನ್ನು ತಪ್ಪು ಕಡೆಯಿಂದ ಇಟ್ಟು, ಇದು ನನಗೆ ಮೊದಲ ಅನುಭವ ಎಂದು ತಮಾಷೆ ಮಾಡಿದನಂತೆ.

ಲಂಡನ್ನಿನಲ್ಲೇ ಉಳಿದಿದ್ದ ಎಲಿಜಬೆತ್ ಇನ್ನೊಂದು ಪುಸ್ತಕ ಮಾಡಲಿಲ್ಲ. 1758ರ ಅಕ್ಟೋಬರ್‌ನಲ್ಲಿ ಆಕೆಯನ್ನು ಚೆಲ್ಸಿಯ ಚರ್ಚಿನಲ್ಲಿ ಮಣ್ಣು ಮಾಡಿದರು. ಅಲ್ಲಿಂದ ಆ ತೋಟ ದೂರವೇನಲ್ಲ.

ಆಕೆಯ ಪುಸ್ತಕ ಮಾತ್ರ ದೇಶ ದಾಟಿತು. ನ್ಯೂರಂಬರ್ಗಿನ ವೈದ್ಯ ಕ್ರಿಸ್ಟೋಫ್ ಯಾಕೋಬ್ ಟ್ರೂ ಅದನ್ನು ಜರ್ಮನ್ ಮತ್ತು ಲ್ಯಾಟಿನ್ ಭಾಷೆಗಳಲ್ಲಿ ಹೊರತರಲು ತೊಡಗಿದ. ಚಿತ್ರಗಳನ್ನು ಹೊಸದಾಗಿ ಕೊರೆಸಿ, ಇನ್ನಷ್ಟು ಗಿಡಗಳನ್ನು ಸೇರಿಸಲಾಯಿತು. ಚಿತ್ರಕ್ಕೆ ಬೇರೆಯವರು, ಬರಹಕ್ಕೆ ಬೇರೆ ವಿದ್ವಾಂಸರು. 1750ರಲ್ಲಿ ಆರಂಭವಾದ ಆ ಆವೃತ್ತಿ ಮುಗಿದದ್ದು 1773ರಲ್ಲಿ. ಅಷ್ಟು ಹೊತ್ತಿಗೆ ಟ್ರೂ ಕೂಡ ಬದುಕಿರಲಿಲ್ಲ. ಒಬ್ಬಳು ಎರಡೂವರೆ ವರ್ಷದಲ್ಲಿ ಮಾಡಿದ್ದನ್ನು ತಿದ್ದಿ ಬೆಳೆಸಲು ಒಂದು ತಂಡಕ್ಕೆ 23 ವರ್ಷ ಹಿಡಿಯಿತು. ಅವರ ಕೆಲಸ ಹೆಚ್ಚು ಶುದ್ಧವಾದದ್ದು ನಿಜ. ಆದರೆ ಅವರ ಗ್ರಂಥದ ಹೆಸರೇ ‘ಹರ್ಬೇರಿಯಂ ಬ್ಲ್ಯಾಕ್‌ವೆಲ್ಲಿಯಾನಂ’, ಅಂದರೆ ಬ್ಲ್ಯಾಕ್‌ವೆಲ್ಲಳ ಸಸ್ಯಗ್ರಂಥ.

ಸಸ್ಯಶಾಸ್ತ್ರಜ್ಞರು ಮರಗಳ ಒಂದು ಕುಲಕ್ಕೂ ಆಕೆಯ ಗೌರವಾರ್ಥ ‘ಬ್ಲ್ಯಾಕ್‌ವೆಲ್ಲಿಯಾ’ ಎಂದು ಹೆಸರಿಟ್ಟರು. ನಮ್ಮ ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಬೆಳೆಯುವ ಒಂದು ಮರವನ್ನು ಹತ್ತೊಂಬತ್ತನೆಯ ಶತಮಾನದ ಶಾಸ್ತ್ರಜ್ಞರು ಆ ಹೆಸರಿನಿಂದಲೇ ಕರೆದಿದ್ದರು. ಆಮೇಲೆ ಆ ಕುಲ ಅದಕ್ಕಿಂತ ಮೊದಲೇ ಹೆಸರಿಟ್ಟಿದ್ದ ‘ಹೊಮೇಲಿಯಂ’ ಕುಲವೇ ಎಂದು ತಿಳಿಯಿತು. ಮೊದಲು ಇಟ್ಟ ಹೆಸರೇ ನಿಲ್ಲಬೇಕೆಂಬುದು ಸಸ್ಯಶಾಸ್ತ್ರದ ನಿಯಮ. ಹೀಗೆ ಮರದಿಂದ ಆಕೆಯ ಹೆಸರು ಹೋಯಿತು. ಗಂಡ ಉಳಿಯಲಿಲ್ಲ, ಹಕ್ಕು ಉಳಿಯಲಿಲ್ಲ, ಮರಕ್ಕಿಟ್ಟ ಹೆಸರೂ ಉಳಿಯಲಿಲ್ಲ.

ಉಳಿದದ್ದು ಬೇರೆಯವರು ಕೊಟ್ಟ ಹೆಸರಲ್ಲ, ತಾನೇ ತಾಮ್ರದ ಮೇಲೆ ಕೊರೆದುಕೊಂಡ ಹೆಸರು. ‘ಎ ಕ್ಯೂರಿಯಸ್ ಹರ್ಬಲ್’ನ ಪುಟಗಳನ್ನು ಈಗ ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ನೋಡುವಾಗ ಗಿಡದ ಬಣ್ಣದಲ್ಲೇ ಮೈಮರೆಯದೆ, ಕಣ್ಣನ್ನು ಸ್ವಲ್ಪ ಕೆಳಗಿಳಿಸಿ ಆ ಸಣ್ಣ ಸಾಲನ್ನೂ ಓದಬೇಕು. ಬರೆದಳು, ಕೊರೆದಳು, ಬಣ್ಣ ಹಾಕಿದಳು. ಮನೆಯ ಮೂಲೆಯಲ್ಲಿ ಕುಳಿತು ದುಡಿಯುವ ಎಷ್ಟೋ ಜನರ ಕೆಲಸದ ಕೆಳಗೆ ಆ ಸಾಲು ಈಗಲೂ ಇರುವುದಿಲ್ಲ.